ಧಕಾರದ ಗೀಟು ಕಾಣದ ಪರದೆ

ಹೋದ ವರ್ಷ ನಾನು ಪುಟ ಕಟ್ಟಿಕೊಟ್ಟ ಪುಸ್ತಕವೊಂದು ಅಚ್ಚಾಗಿ ಬಂದಾಗ ಅರ್ಪಣೆಯ ಪುಟದಲ್ಲಿ ತಪ್ಪು ಉಳಿದುಬಿಟ್ಟಿತ್ತು. ಲೇಖಕರು ಶಿರಸಿಯಲ್ಲೇ ಇರುವ ನಿವೃತ್ತ ಮಾಸ್ತರರು. ತೀರಿಹೋದ ಹೆಂಡತಿಗೆ ಪುಸ್ತಕವನ್ನು ಅರ್ಪಿಸಿದ್ದರು. ಆಕೆಯ ಹೆಸರಿನಲ್ಲಿ ‘ಧಾ’ ಇರಬೇಕಾದ ಕಡೆ ‘ದಾ’ ಇತ್ತು. ಮಾಸ್ತರರು ಫೋನು ಮಾಡಿದರು, ಬೈಯಲಿಲ್ಲ. “ತಂಗೀ, ಒಂದು ಗೀಟು ಬಿಟ್ಟುಹೋಗಿದೆ. ಮುಂದಿನ ಮುದ್ರಣವಾದರೆ ನೋಡು” ಎಂದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ರಾತ್ರಿಯೇ ಕಡತವನ್ನು ತೆರೆದು ನೋಡಿದೆ. ನಾಲ್ಕು ಪಟ್ಟು ಹಿಗ್ಗಿಸಿದಾಗ ‘ದಾ’ ಎಂದು ಸ್ಪಷ್ಟವಾಗಿ ಕಾಣಿಸಿತು. ಅದನ್ನು ‘ಧಾ’ ಎಂದು ತಿದ್ದಿ, ಮತ್ತೆ ನಾನು ಕರಡು ಓದುವ ಅಳತೆಗೆ ಇಳಿಸಿದೆ. ತಿದ್ದುವ ಮುಂಚಿನ ಪುಟವನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೂ ಅಷ್ಟೇ. ಹನ್ನೊಂದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೇರ್ಪಡಿಸಿ ತೋರಿಸಲಾರದ ಪರದೆಯ ಮುಂದೆ ಕುಳಿತು ಎಷ್ಟು ಪುಸ್ತಕ ಓದಿದೆನೋ ಎಂದು ಎದೆ ಧಸಕ್ಕೆಂದಿತು.

ನನ್ನ ಲ್ಯಾಪ್‌ಟಾಪ್ 2018ರ ಮಾದರಿಯ, ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದದ್ದು. ಅದಕ್ಕೆ ಹಳೆಯ ಡೆಸ್ಕ್‌ಟಾಪಿನ 18.5 ಇಂಚಿನ ಮಾನಿಟರನ್ನು ಜೋಡಿಸಿಕೊಂಡಿದ್ದೆ. ಆ ಮಾನಿಟರಿಗೆ ಇದ್ದದ್ದು ವಿಜಿಎ ಎಂಬ ಹಳೆಯ ಬಗೆಯ ಕಿಂಡಿ ಮಾತ್ರ. ಹಾಗಾಗಿ ನಡುವೆ ಒಂದು ಪರಿವರ್ತಕ. ಲ್ಯಾಪ್‌ಟಾಪಿನಿಂದ ಅಂಕಿಗಳಾಗಿ ಹೊರಟ ಚಿತ್ರ ತಂತಿಯಲ್ಲಿ ಅಲೆಯಾಗಿ ಹರಿದು, ಪರದೆಯಲ್ಲಿ ಮತ್ತೆ ಅಂಕಿಯಾಗುವಾಗ ಅಕ್ಷರದ ಅಂಚು ಮಸುಕಾಗುತ್ತದೆ.

ಲೆಕ್ಕ ಹಾಕಿದಾಗ ಎಲ್ಲ ತಿಳಿಯಿತು. ಆ ಪರದೆಯಲ್ಲಿ ಅಡ್ಡಲಾಗಿ 1366, ಉದ್ದಕ್ಕೆ 768 ಚುಕ್ಕೆಗಳು. 18.5 ಇಂಚು ಎಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು, ಅಂದರೆ ಇಂಚಿಗೆ ಸುಮಾರು 85. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಇಂಚಿನ ಆರನೇ ಒಂದು ಪಾಲು, ಹದಿನಾಲ್ಕು ಚುಕ್ಕೆ. ಆ ಹದಿನಾಲ್ಕರಲ್ಲಿಯೇ ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಒತ್ತು ಎಲ್ಲವೂ ಕೂರಬೇಕು. ‘ಸ್ತ್ರೀ’ ಎಂದು ಬರೆದರೆ ಕೆಳಗೆ ಎರಡು ಒತ್ತು. ಧಕಾರದ ಅಡಿಯ ಗೀಟಿಗೆ ಉಳಿಯುವುದು ಒಂದು ಚುಕ್ಕೆ, ಅದೂ ಮಸುಕು. ಇಂಗ್ಲಿಷ್ ಪುಟ ಕಟ್ಟುವವರಿಗೆ ಅದೇ ಪರದೆ ಸಾಕಾಗಬಹುದು, ನಮಗೆ ಸಾಲದು. ದ-ಧ, ಪ-ಫ, ಡ-ಢ, ಬ-ಭ ಇವೆಲ್ಲ ಒಂದು ಗೀಟಿನ ಮೇಲೆ ನಿಂತಿರುವ ಜೋಡಿಗಳು.

ಹೊಸ ಮಾನಿಟರ್ ತರಬೇಕು ಎಂದಾಗ ಕೇಳಿದವರೆಲ್ಲ “ದೊಡ್ಡದು ತೆಗೆದುಕೊಳ್ಳಿ, 27 ಇಂಚಿನದು” ಎಂದರು. ಇಲ್ಲಿಯೇ ಹಲವರು ಮೋಸ ಹೋಗುವುದು. 27 ಇಂಚಿನಲ್ಲಿ 1920 ಗುಣಿಸು 1080 ಚುಕ್ಕೆ ಎಂದರೆ ಇಂಚಿಗೆ 82, ನನ್ನ ಹಳೆಯ ಪರದೆಗಿಂತಲೂ ಕಡಿಮೆ! ಅದೇ ಚುಕ್ಕೆಗಳು 24 ಇಂಚಿನಲ್ಲಿದ್ದರೆ 92 ಆಗುತ್ತದೆ. 27 ಇಂಚಿನಲ್ಲಿ 2560 ಗುಣಿಸು 1440 ಇದ್ದರೆ 109. 4ಕೆ ಎನ್ನುವ 3840 ಗುಣಿಸು 2160 ಇದ್ದರೆ 163. ಓದುವ ಕೆಲಸ ಮಾಡುವವರು ಪರದೆಯ ಅಳತೆ ಕೇಳುವ ಮೊದಲು ಇಂಚಿಗೆ ಎಷ್ಟು ಚುಕ್ಕೆ ಎಂದು ಕೇಳಬೇಕು. ಹುಬ್ಬಳ್ಳಿಗೆ ಹೋದಾಗ ಪೆನ್‌ಡ್ರೈವಿನಲ್ಲಿ ಆ ಅರ್ಪಣೆಯ ಪುಟವನ್ನೇ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಹೂವು, ಗಿಳಿ, ಸಮುದ್ರದ ವಿಡಿಯೊ ತೋರಿಸುತ್ತಿದ್ದ. “ತಮ್ಮಾ, ಈ ಪುಟ ತೆರೆದು ತೋರಿಸು” ಎಂದೆ. ಮೂರು ಪರದೆಗಳಲ್ಲಿ ನೋಡಿ, 27 ಇಂಚಿನ 4ಕೆ ಆರಿಸಿದೆ.

ಮನೆಗೆ ತಂದು ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದರೆ ಅಕ್ಷರ ಕೆತ್ತಿದಂತೆ ಕಂಡಿತು, ಆದರೆ ಮೌಸಿನ ಬಾಣ ಕೆಸರಿನಲ್ಲಿ ನಡೆಯುವಂತೆ ತಡವರಿಸಿತು. ಪರದೆಯ ಸೆಟ್ಟಿಂಗ್‌ನಲ್ಲಿ 30 ಹರ್ಟ್ಸ್ ಎಂದಿತ್ತು, ಎಂದರೆ ಸೆಕೆಂಡಿಗೆ ಮೂವತ್ತು ಸಲ ಮಾತ್ರ ಚಿತ್ರ ಬದಲಾಗುತ್ತಿದೆ. ಮಾನಿಟರಿನ ದೋಷವಲ್ಲ ಅದು. ಟಿ480ರಲ್ಲಿರುವುದು ಎಚ್‌ಡಿಎಂಐ 1.4. ಅದು 4ಕೆ ಚಿತ್ರವನ್ನು 30 ಹರ್ಟ್ಸ್‌ನಲ್ಲಷ್ಟೇ ಸಾಗಿಸಬಲ್ಲದು. 60 ಬೇಕಾದರೆ ಎಚ್‌ಡಿಎಂಐ 2.0 ಇರಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಜೋಡಣೆಯ ದಾರಿ ಹಿಡಿಯಬೇಕು. ನನ್ನದರ ಯುಎಸ್‌ಬಿ-ಸಿ ಕಿಂಡಿಯಲ್ಲಿ ಡಿಸ್‌ಪ್ಲೇಪೋರ್ಟಿನ ಸಂಕೇತವೂ ಬರುತ್ತದೆ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಹೋಗುತ್ತದೆ. ಯಾವ ಗುರುತೂ ಇಲ್ಲದಿದ್ದರೆ ಆ ಮಾದರಿಯ ಕೈಪಿಡಿ ನೋಡಿಕೊಳ್ಳಬೇಕು, ಏಕೆಂದರೆ ಯುಎಸ್‌ಬಿ-ಸಿ ಆಕಾರದ ಕಿಂಡಿಗಳೆಲ್ಲ ಚಿತ್ರ ಕೊಡುವುದಿಲ್ಲ. ತಂತಿಯೂ ಹಾಗೆಯೇ. ಫೋನಿನ ಜೊತೆ ಬಂದ ಚಾರ್ಜಿಂಗ್ ತಂತಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ತು ಮತ್ತು ನಿಧಾನಗತಿಯ ಮಾಹಿತಿಗೆ ಬೇಕಾದಷ್ಟೇ ಎಳೆಗಳಿರುತ್ತವೆ, ಚಿತ್ರ ಸಾಗಿಸುವ ಎಳೆಗಳು ಇರುವುದಿಲ್ಲ. ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ತಂತಿಯನ್ನೇ ಕೇಳಿ ತರಿಸಿಕೊಂಡೆ. 60 ಹರ್ಟ್ಸ್ ಬಂತು. ಅಕ್ಷರಗಳು ಇರುವೆಯಂತೆ ಕಾಣದಿರಲು ವಿಂಡೋಸಿನಲ್ಲಿ ಶೇ. 150ರ ಹಿಗ್ಗುವಿಕೆ ಇಟ್ಟುಕೊಂಡೆ.

ಮಾಸ್ತರರನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಒಂದು ಗೇಣು ದೂರದಲ್ಲಿ ಮುಖ ಇಟ್ಟರು. ತೋರುಬೆರಳಿನ ಉಗುರು ಆ ‘ಧಾ’ದ ಅಡಿಯಲ್ಲಿ ಹೋಗಿ ನಿಂತಿತು. “ಹೂಂ, ಇದೆ” ಎಂದು ಸುಮಾರು ಹೊತ್ತು ಹಾಗೆಯೇ ನೋಡುತ್ತಿದ್ದರು. ಚಹಾ ಆರಿತು.

ಹಳೆಯ ಯಂತ್ರಕ್ಕೆ ಇಷ್ಟು ದುಡ್ಡು ಹಾಕುವುದೇ ಎಂದು ಮನೆಯಲ್ಲಿ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚೆಗಿನ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುತ್ತದೆ. ನನ್ನದು ಸರಿಯಾಗಿ ಎಂಟನೆಯದು, ಹೊಸ್ತಿಲ ಒಳಗಿದೆ. ಏಳನೆಯದಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ.

ಮೆಮೊರಿಯ, ಅಂದರೆ RAM ವಿಷಯ ಬೇಗ ಮುಗಿಯಿತು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ 480 ಪುಟದ, ಚಿತ್ರಗಳಿರುವ ಗ್ರಂಥವೊಂದನ್ನು ತೆರೆದರೆ 8 ಜಿಬಿ ತುಂಬಿ, ಪುಟ ತಿರುಗಿಸಿದಾಗಲೆಲ್ಲ ಯಂತ್ರ ಉಸಿರು ಹಿಡಿಯುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಎಂದು ಹೋದರೆ ಎಷ್ಟು ಜಿಬಿ, ಯಾವ ವೇಗ, ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂದು ಯಂತ್ರವೇ ಹೇಳುತ್ತದೆ. ನನ್ನದರಲ್ಲಿ ಎರಡರಲ್ಲಿ ಒಂದು ಖಾಲಿ ಇತ್ತು. ಲ್ಯಾಪ್‌ಟಾಪಿಗೆ ಹಾಕುವ ಗಿಡ್ಡ ಪಟ್ಟಿ, ಡಿಡಿಆರ್4 ಎಂಬ ಪೀಳಿಗೆಯದು, 260 ಪಿನ್ನಿನದು. ಡಿಡಿಆರ್5ಕ್ಕೆ 262 ಪಿನ್, ಕಚ್ಚಿನ ಜಾಗವೂ ಬೇರೆ, ಒತ್ತಿ ಕೂರಿಸಲು ಹೋಗಬೇಡಿ. 16 ಜಿಬಿಯದೊಂದು ತಂದೆ. ಅದರ ವೇಗ 3200 ಎಂದು ಬರೆದಿತ್ತು, ನನ್ನ ಯಂತ್ರದಲ್ಲಿ 2400ಕ್ಕೇ ಓಡುತ್ತದೆ. ಅದರಿಂದ ಹಾನಿಯಿಲ್ಲ. ಎರಡು ಪಟ್ಟಿಗಳು ಸಮ ಇದ್ದರೆ ಇನ್ನೂ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ.

ಬಿಚ್ಚುವ ಮೊದಲು ಬಯೋಸ್ ಎಂಬ, ಯಂತ್ರದ ಮೂಲ ಸೆಟ್ಟಿಂಗ್‌ಗೆ ಹೋಗಿ ಒಳಗಿನ ಬ್ಯಾಟರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆ ಒತ್ತಿ, ಹೊರಗಿನದನ್ನು ಕಳಚಬೇಕು. ತಳದ ಆರು ಸ್ಕ್ರೂಗಳು ಸಡಿಲಾದ ಮೇಲೂ ಮುಚ್ಚಳದಲ್ಲೇ ಉಳಿಯುತ್ತವೆ, ಕಳೆದುಹೋಗುವ ಭಯವಿಲ್ಲ. ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಂಡಿಗಳು ಟಕ್ ಎನ್ನುತ್ತವೆ. ಮೊದಲ ಸಲ ಹಚ್ಚಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಗಾಬರಿಯಾಗಿ ಗುಂಡಿ ಒತ್ತಬೇಡಿ, ಹೊಸ ಮೆಮೊರಿಯನ್ನು ಅದು ಪರಿಚಯ ಮಾಡಿಕೊಳ್ಳುತ್ತಿರುತ್ತದೆ.

ಬ್ಯಾಟರಿ ನನ್ನನ್ನು ಹೆಚ್ಚು ಕಾಡಿತು. ಜೂನ್‌ನಿಂದ ನಾಲ್ಕು ತಿಂಗಳು ನಮ್ಮಲ್ಲಿ ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಯಾವಾಗ ಮರ ಬೀಳುತ್ತದೆ ಎಂದು ಹೇಳಲಾಗದು. ಮಾನಿಟರನ್ನು ಮನೆಯ ಯುಪಿಎಸ್‌ಗೆ ಹಾಕಿದ್ದೇನೆ, ಆದರೆ ಕರೆಂಟು ದಿನವಿಡೀ ಬಾರದಿದ್ದರೆ ಲ್ಯಾಪ್‌ಟಾಪಿನ ಸ್ವಂತ ಶಕ್ತಿಯೇ ಗತಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು powercfg /batteryreport ಎಂದು ಬರೆದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ. ಹುಟ್ಟಿದಾಗಿನ ಸಾಮರ್ಥ್ಯ ಒಂದು, ಈಗ ಪೂರ್ತಿ ತುಂಬಿದರೆ ಹಿಡಿಯುವುದು ಇನ್ನೊಂದು. ಟಿ480ಕ್ಕೆ ಒಳಗೊಂದು, ಹೊರಗೊಂದು ಬ್ಯಾಟರಿ. ಬ್ಯಾಟರಿ ಹಿಡಿಯುವ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. ನನ್ನವು ಎರಡೂ 24 ವ್ಯಾಟ್-ಅವರ್‌ನವು. ಒಳಗಿನದರಲ್ಲಿ 15, ಹೊರಗಿನದರಲ್ಲಿ 9 ಉಳಿದಿತ್ತು. 48ರಲ್ಲಿ ಅರ್ಧ. ಬರವಣಿಗೆಯ ಕೆಲಸಕ್ಕೆ ನನ್ನ ಯಂತ್ರ ಗಂಟೆಗೆ ಹತ್ತು ಹನ್ನೆರಡು ವ್ಯಾಟ್-ಅವರ್ ತಿನ್ನುತ್ತದೆ. ಭಾಗಿಸಿದರೆ ಎರಡು ಗಂಟೆ.

ಇದಕ್ಕೆ ಹೊರಗಿನ ಬ್ಯಾಟರಿ 72 ವ್ಯಾಟ್-ಅವರ್‌ನದೂ ಸಿಗುತ್ತದೆ. ಮೊದಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರಿಸಿದೆ. ವರದಿಯಲ್ಲಿ 72 ಎಂದೇ ಬಂತು, ಆದರೆ ಒಂದೂವರೆ ಗಂಟೆಗೆ, ಶೇ. 38 ಇದೆ ಎಂದು ತೋರಿಸುತ್ತಿರುವಾಗಲೇ ಆ ಬ್ಯಾಟರಿ ಸತ್ತುಹೋಯಿತು.  ಆಗ ನನಗೆ ತೂಕ ನೋಡಬೇಕೆನಿಸಿತು. ಮನೆಯವರು ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆ. 230 ಗ್ರಾಂ. ಅಂಥ ಬ್ಯಾಟರಿಯೊಳಗೆ 18650 ಎಂಬ ಅಳತೆಯ ಆರು ಉರುಟು ಸೆಲ್ಲುಗಳಿರಬೇಕು. ಒಂದೊಂದೂ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ಆರು ಸೆಲ್ಲುಗಳೇ 270 ಗ್ರಾಂ ಆಗಬೇಕಾದರೆ ಪೆಟ್ಟಿಗೆ ಸಮೇತ 230 ಹೇಗಾದೀತು? ಒಳಗಿನ ಚಿಪ್ ವರದಿಗೆ ಏನು ಬೇಕಾದರೂ ಹೇಳಬಹುದು, ತಕ್ಕಡಿಗೆ ಹೇಳಲಾಗದು. ಹಿಂದಿರುಗಿಸಿ, ಕಂಪನಿಯ ಅಧಿಕೃತ ಮಾರಾಟಗಾರರಿಂದ ತಯಾರಾದ ದಿನಾಂಕ ನೋಡಿ ಕೊಂಡೆ. ಈಗ ಆರು ಗಂಟೆ ನಿಶ್ಚಿಂತೆ. ಹೊರಗಿನದು ಮೊದಲು ಖಾಲಿಯಾಗುತ್ತದೆ, ಒಳಗಿನದರ ಬಲದಲ್ಲಿ ಯಂತ್ರ ಆರಿಸದೆಯೇ ಹಳೆಯ 24ರದ್ದನ್ನು ಬದಲಾಯಿಸಿಕೊಳ್ಳಬಹುದು.

ಲಿಥಿಯಂ ಬ್ಯಾಟರಿಯನ್ನು ಸವೆಸುವುದು ಶಾಖ, ಮತ್ತೆ ಸದಾ ನೂರಕ್ಕೆ ನೂರು ತುಂಬಿಟ್ಟಿರುವುದು. ಲೆನೊವೊದ ವ್ಯಾಂಟೇಜ್ ಎಂಬ ತಂತ್ರಾಂಶದಲ್ಲಿ 75ಕ್ಕಿಂತ ಇಳಿದಾಗ ತುಂಬು, 80ಕ್ಕೆ ನಿಲ್ಲಿಸು ಎಂದು ಹೇಳಿಟ್ಟಿದ್ದೇನೆ. ಬೇರೆ ಹಲವು ಕಂಪನಿಗಳ ಯಂತ್ರಗಳಲ್ಲಿಯೂ ಇಂಥದ್ದೊಂದು ಇರುತ್ತದೆ, ಹುಡುಕಿ. ಪಶ್ಚಿಮದಲ್ಲಿ ಮೋಡ ಕಪ್ಪಾದ ದಿನ ಮಾತ್ರ ನೂರಕ್ಕೆ ತುಂಬಿಸುತ್ತೇನೆ.

ಇದನ್ನೆಲ್ಲ ಕೇಳಿ ಅಕ್ಕನ ಮಗಳು ದಸರೆ ರಜೆಯಲ್ಲಿ ತನ್ನ ಲ್ಯಾಪ್‌ಟಾಪ್ ಹೊತ್ತು ತಂದಳು. “ಚಿಕ್ಕಮ್ಮಾ, ನನ್ನದಕ್ಕೂ ಮೆಮೊರಿ ಹಾಕಿಕೊಡು.” ಟಾಸ್ಕ್ ಮ್ಯಾನೇಜರ್ ತೆರೆದೆ. ಮೆಮೊರಿಯ ಆಕಾರ ಹೇಳುವ ಕಡೆ ‘ಚಿಪ್‌ಗಳ ಸಾಲು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಂದರೆ ಮೆಮೊರಿಯನ್ನು ಹಲಗೆಗೇ ಬೆಸೆದಿದ್ದಾರೆ, ಹೆಚ್ಚಿಸುವಂತಿಲ್ಲ. ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆ ಅದು. ಮುಖ ಸಣ್ಣದು ಮಾಡಿಕೊಂಡಳು. ಆದರೆ ನನ್ನ ಗಮನ ಬೇರೆಡೆ ಹೋಗಿತ್ತು. ಅವಳ ಟಚ್‌ಪ್ಯಾಡ್ ಒತ್ತಿದರೆ ಒಳಗೆ ಇಳಿಯುತ್ತಿರಲಿಲ್ಲ. “ಒಂದು ತಿಂಗಳಿಂದ ಹಾಗೆಯೇ, ಧೂಳು ಇರಬೇಕು” ಎಂದಳು. ಜಗಲಿಯ ಕೆಂಪು ಗಾರೆ ನೆಲದ ಮೇಲೆ ಇಟ್ಟು ಒಂದು ಮೂಲೆಯನ್ನು ಒತ್ತಿದೆ. ಎದುರಿನ ಮೂಲೆ ಎದ್ದಿತು. ಮುಚ್ಚಳದ ಅಂಚಿನಲ್ಲಿ ಉಗುರು ತೂರುವಷ್ಟು ಸಂದು. ಬ್ಯಾಟರಿ ಊದಿಕೊಂಡು ಕೆಳಗಿನಿಂದ ಟಚ್‌ಪ್ಯಾಡನ್ನು ಮೇಲಕ್ಕೆ ನೂಕುತ್ತಿತ್ತು.

ಚಾರ್ಜರನ್ನು ಕಿತ್ತು ಆರಿಸಿದೆ. ಇದನ್ನು ನಾನು ಬಿಚ್ಚಲಿಲ್ಲ. ಊದಿದ ಬ್ಯಾಟರಿಗೆ ಸ್ಕ್ರೂಡ್ರೈವರ್ ತಾಗಿ ಪದರ ಹರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅವಳು ರಾತ್ರಿ ಅದನ್ನು ಹಾಸಿಗೆಯ ಮೇಲೆ ಚಾರ್ಜಿಗೆ ಇಟ್ಟು ಮಲಗುತ್ತಿದ್ದಳು ಎಂದು ತಿಳಿದಾಗ ನನ್ನ ಕೈ ತಣ್ಣಗಾಯಿತು. ಮರುದಿನವೇ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹಳೆಯ ಬ್ಯಾಟರಿಯನ್ನು ಅವರೇ ಇಟ್ಟುಕೊಂಡರು. ಅದನ್ನು ಮನೆಯ ಕಸದ ಬುಟ್ಟಿಗೆ ಹಾಕುವಂತಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಅವಳು ಚೀಲವನ್ನೂ ಇಳಿಸದೆ ಲ್ಯಾಪ್‌ಟಾಪನ್ನು ಅದೇ ಕೆಂಪು ನೆಲದ ಮೇಲಿಟ್ಟಳು. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಅಲುಗಲಿಲ್ಲ.