ತುಪ್ಪ ಇಲ್ಲದ ಘೀ ರೋಸ್ಟ್: ನಾಲ್ಕು ತಿಂಗಳ ಲೆಕ್ಕ

ತಂಗಿ ವೀಗನ್ ಆಗಿ ಎರಡು ವರ್ಷ ಆಯಿತು. ಮೀನು, ಕೋಳಿ ಬಿಟ್ಟಾಗ ಅಮ್ಮ ಏನೂ ಹೇಳಲಿಲ್ಲ. ಸಂಕ್ರಾಂತಿ, ಸೋಮವಾರ ಅಂತ ನಾವೂ ಬಿಡುತ್ತೇವಲ್ಲ. ಆದರೆ ಹಾಲು, ಮೊಸರು, ತುಪ್ಪವೂ ಬೇಡ ಎಂದಾಗ ಅಮ್ಮನಿಗೆ ಅದು ಯಾವುದೋ ಕಾಯಿಲೆಯ ಪಥ್ಯದ ಹಾಗೆ ಕೇಳಿಸಿತು. ಕಳೆದ ವರ್ಷ ಅಷ್ಟಮಿಗೆ ಬೆಂಗಳೂರಿನಿಂದ ಕಟಪಾಡಿಗೆ ಬಂದವಳು ಮೂಡೆಗೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ) ಉಪ್ಪಿನಕಾಯಿ ನೆಂಚಿಕೊಂಡು ತಿಂದಳು. ಮಾರನೇ ದಿನ ವಿಟ್ಲಪಿಂಡಿ. ಉಡುಪಿಯ ರಥಬೀದಿಯಲ್ಲಿ ಮೊಸರುಕುಡಿಕೆ ಒಡೆಯುತ್ತಿದ್ದಾಗ ಮನೆಯಲ್ಲಿ ಇವಳು ಮತ್ತೆ ಅದೇ ಉಪ್ಪಿನಕಾಯಿ, ಅನ್ನ. ನನಗೆ ಯಾಕೋ ತಡೆಯಲಿಲ್ಲ. ಈ ಸಲದ ಅಷ್ಟಮಿಯೊಳಗೆ ಅವಳಿಗೆ ಇಷ್ಟದ್ದೆಲ್ಲ ಹಾಲು ಮುಟ್ಟದೆ ಮಾಡಿ ನೋಡುವುದು ಅಂತ ಏಪ್ರಿಲಿನಲ್ಲಿ ಶುರು ಮಾಡಿದೆ. ಕ್ಯಾಲೆಂಡರಿನ ಹಿಂದೆ ಗೀಚಿಟ್ಟದ್ದು ಇಲ್ಲಿದೆ.

ಏಪ್ರಿಲ್

ಮೊದಲು ಪಟ್ಟಿ ಮಾಡಲು ಕೂತೆ. ನೀರು ದೋಸೆ, ಪತ್ರೊಡೆ, ಮೂಡೆ, ಗುಜ್ಜೆ (ಎಳೆ ಹಲಸು) ಸುಕ್ಕ, ಒತ್ತು ಶ್ಯಾವಿಗೆ ಮತ್ತು ಕಾಯಿಹಾಲು, ಮಟ್ಟುಗುಳ್ಳದ ಹುಳಿ. ಇದರಲ್ಲೆಲ್ಲ ಹಾಲೇ ಇಲ್ಲ, ಏನು ಬದಲಿಸುವುದು? ವೀಗನ್ ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ನಮ್ಮ ಅಜ್ಜಿ ಆ ಹೆಸರು ಕೇಳದೆಯೇ ಅರ್ಧ ವಾರ ಅದನ್ನೇ ಉಣಿಸುತ್ತಿದ್ದರು. ತಂಗಿ ಇದನ್ನೆಲ್ಲ ಅಲ್ಲೇ ಮಾಡಿಕೊಳ್ಳುತ್ತಾಳೆ. ಅವಳು ಫೋನಿನಲ್ಲಿ ಹಲುಬುವುದು ಬಾಳೆಹಣ್ಣಿನ ಬನ್ಸ್, ಗೋಳಿಬಜೆ, ತಂಬುಳಿ, ಘೀ ರೋಸ್ಟ್ ಅಂತ. ಘೀ ರೋಸ್ಟ್ ಅಂದರೆ ದೋಸೆಯಲ್ಲ, ಕೆಂಪು ಮಸಾಲೆಯನ್ನು ತುಪ್ಪದಲ್ಲಿ ಹುರಿದು ಮಾಡುವ ನಮ್ಮ ಕಡೆಯ ಕೋಳಿ ಅಡುಗೆ. ಅಂದರೆ ನನಗೆ ಬೇಕಾದದ್ದು ಎರಡೇ. ಮೊಸರಿನ ಹುಳಿ, ತುಪ್ಪದ ಪರಿಮಳ.

ಕೋಳಿಯ ಬದಲು ಹಾಕಲು ಗುಜ್ಜೆ ಇನ್ನೂ ಎಳೆಯದಿತ್ತು, ಹಾಗಾಗಿ ಘೀ ರೋಸ್ಟಿಗೇ ಮೊದಲು ಕೈ ಹಾಕಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚೂರು ಮೆಂತೆ ಹುರಿದು, ಬೆಳ್ಳುಳ್ಳಿ, ಹುಣಸೆ ಹಾಕಿ ನುಣ್ಣಗೆ ಅರೆದೆ. ಮಸಾಲೆ ಚಂದ ಬಂತು. ತುಪ್ಪದ ಬದಲು ಡಬ್ಬಿಯ ತೆಂಗಿನೆಣ್ಣೆ ಹಾಕಿದೆ ನೋಡಿ, ಮನೆಯಿಡೀ ಚಿಪ್ಸ್ ಅಂಗಡಿ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಸುಕ್ಕ ಅಂತ ಹೇಳಿ ಬಡಿಸು, ಘೀ ರೋಸ್ಟ್ ಅಂತ ಹೇಳ್ಬೇಡ ಮಾರಾಯ್ತಿ" ಎಂದರು. ಸರಿಯಾಗಿಯೇ ಹೇಳಿದರು.

ಮೇ

ಮೊಸರಿನ ತಿಂಗಳು. ಮೊದಲು ಕಾಯಿಹಾಲಿಗೆ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಮೇಲೆ ಕೊಬ್ಬು, ಕೆಳಗೆ ನೀರು, ಎರಡೂ ಬೇರೆ ಬೇರೆ. ಮೊಸರು ಗಟ್ಟಿಯಾಗುವುದು ಹಾಲಿನ ಪ್ರೋಟೀನ್‌ನಿಂದ, ಕಾಯಿಹಾಲಿನಲ್ಲಿ ಅದು ತೀರಾ ಕಡಿಮೆ. ನೆಲಗಡಲೆಯಲ್ಲಿ ಬೇಕಾದಷ್ಟಿದೆ. ಒಂದು ಲೋಟ ನೆಲಗಡಲೆ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಮೂರು ಲೋಟ ನೀರಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿದೆ. ಈ ಹಾಲನ್ನು ಹತ್ತು ನಿಮಿಷ ಕುದಿಸಲೇಬೇಕು, ಇಲ್ಲದಿದ್ದರೆ ಹಸಿ ವಾಸನೆ ಹೋಗುವುದಿಲ್ಲ. ಉಗುರು ಬೆಚ್ಚಗಾದ ಮೇಲೆ ಏಳು ಹಸಿಮೆಣಸಿನ ತೊಟ್ಟು ಹಾಕಿ ಮುಚ್ಚಿಟ್ಟೆ. ಹೆಪ್ಪಿಗೆ ಬೇಕಾದ ಬ್ಯಾಕ್ಟೀರಿಯಾ ಆ ತೊಟ್ಟಿನಲ್ಲೇ ಇರುತ್ತದೆ.

ಮೊದಲ ಸಲ ಅರೆಬರೆ ಗಟ್ಟಿಯಾಯಿತು, ಸ್ವಲ್ಪ ಕಹಿ. ಅದರಿಂದಲೇ ಎರಡು ಚಮಚ ತೆಗೆದು ಮುಂದಿನ ಹಾಲಿಗೆ ಹಾಕಿದೆ. ಮೂರನೇ ಸಲಕ್ಕೆ ಪಾತ್ರೆ ಓರೆ ಮಾಡಿದರೂ ಅಲುಗಾಡದ ಮೊಸರು! ಬರೀ ಬಾಯಿಗೆ ನೆಲಗಡಲೆ ರುಚಿ ಇದ್ದೇ ಇದೆ, ಅನ್ನಕ್ಕೆ ಕಲಸಿ ತಿನ್ನಲು ನನ್ನಿಂದಾಗದು. ಆದರೆ ಅದನ್ನು ಎರಡು ದಿನ ಹುಳಿ ಬರಿಸಿ ಗೋಳಿಬಜೆಗೆ ಹಾಕಿದೆ. ಹಸಿಮೆಣಸು, ಶುಂಠಿ, ಕಾಯಿಚೂರಿನ ನಡುವೆ ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಮನೆಯ ಮಕ್ಕಳು ತಟ್ಟೆ ಖಾಲಿ ಮಾಡಿ ಹೋದರು.

ಬನ್ಸ್ ಮಾತ್ರ ಆಟ ಆಡಿಸಿತು. ಮೊಸರು ಯಾಕೆ, ಬಾಳೆಹಣ್ಣಿನ ಜೊತೆ ನಿಂಬೆರಸ ಸಾಕಲ್ವಾ ಅಂದುಕೊಂಡೆ. ನಿಂಬೆ ಹಿಂಡಿದ್ದೇ ತಡ, ಸೋಡಾ ಬುಸ್ ಎಂದು ನೊರೆಯೆದ್ದು ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಎಣ್ಣೆಗೆ ಬಿಟ್ಟರೆ ಸಿಹಿ ಪೂರಿ. ಆಮೇಲೆ ಕಾಲು ಲೋಟ ನೆಲಗಡಲೆ ಮೊಸರು, ಚುಕ್ಕೆ ಬಂದ ಎರಡು ಬಾಳೆಹಣ್ಣು, ಮೈದಾ, ಸಕ್ಕರೆ, ಜೀರಿಗೆ, ಸೋಡಾ ಕಲಸಿ ರಾತ್ರಿಯಿಡೀ ಬಿಟ್ಟೆ. ಹಿಟ್ಟು ಕೈಗೆ ಅಂಟುವಷ್ಟು ಮೆತ್ತಗೇ ಇರಬೇಕು. ಅಂಟುತ್ತದೆ ಅಂತ ಮೈದಾ ಸುರಿದರೆ ಮತ್ತೆ ಗಟ್ಟಿ. ಬಾಣಲೆಯಲ್ಲಿ ಉಬ್ಬಿದ್ದನ್ನು ಮುರಿದಾಗ ಒಳಗೆ ಆ ಜಾಲರಿ ಕಂಡಿತು. ಫೋಟೋ ಕಳಿಸಿದೆ. ತಂಗಿಯಿಂದ ಬರೀ "ಅಕ್ಕಾ" ಅಂತ ಬಂತು, ಮುಂದೆ ಏನೂ ಇಲ್ಲ.

ಜೂನ್

ಮಳೆ. ಮೊಸರು ಹೆಪ್ಪಾಗಲು ಹದಿನಾಲ್ಕು ಗಂಟೆ ಹಿಡಿಯುತ್ತಿತ್ತು, ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟ ಮೇಲೆ ಸರಿಯಾಯಿತು. ತಿಮರೆ (ಒಂದೆಲಗ) ತಂಬುಳಿಗೆ ಈ ಮೊಸರು ಒಗ್ಗಲೇ ಇಲ್ಲ. ಹಸಿ ಅಡುಗೆಯಲ್ಲಿ ನೆಲಗಡಲೆ ಎದ್ದು ಬರುತ್ತದೆ. ಕೊನೆಗೆ ಮೊಸರು ಬಿಟ್ಟು, ಕಾಯಿಯ ಜೊತೆ ಹುಳಿಗೆ ಎರಡು ಬಿಂಬುಳಿ ಕಾಯಿ ಹಾಕಿ ಅರೆದೆ. ಅದು ತಂಬುಳಿಯೋ ಚಟ್ನಿಯೋ ಅಂತ ಅಮ್ಮನ ಜೊತೆ ಇನ್ನೂ ಜಗಳ ಇದೆ. ಜೀಗುಜ್ಜೆ (ಬೇರುಹಲಸು) ಬಂತು, ಮೀನಿನ ಮಸಾಲೆ ಹಚ್ಚಿ ರವಾ ಫ್ರೈ ಮಾಡಿದೆ, ಚೆನ್ನಾಗಿತ್ತು, ಅಷ್ಟೇ.

ಜುಲೈ

ಒಂದು ಮಧ್ಯಾಹ್ನ ಅಮ್ಮ ಬೆಣ್ಣೆ ಕಾಯಿಸುತ್ತಿದ್ದರು. ನಾನು ಅಲ್ಲೇ ಕಾಯಿ ತುರಿಯುತ್ತಾ ಕೂತಿದ್ದೆ. ಬೆಣ್ಣೆ ಕರಗಿದಾಗ ಅಂಥ ಪರಿಮಳ ಏನಿಲ್ಲ. ತಳದ ಚರಟ ಕೆಂಪಾದಾಗ ಘಮ್ಮೆನ್ನುತ್ತದೆ. ಹಾಗಾದರೆ ಪರಿಮಳ ಹುಟ್ಟುವುದು ಹಾಲಿನ ಆ ಚರಟ ಸುಟ್ಟಾಗ. ಕಾಯಿಹಾಲು ಕಾಯಿಸಿದರೂ ಚರಟ ಉಳಿಯುತ್ತದಲ್ಲ? ಡಬ್ಬಿಯ ಎಣ್ಣೆ ಗಾಣದಲ್ಲಿ ಒಣಕೊಬ್ಬರಿಯಿಂದ ತೆಗೆದದ್ದು, ಅದರಲ್ಲಿ ಇದೆಲ್ಲಿ ಸಿಗಬೇಕು.

ನಾಲ್ಕು ಕಾಯಿ ತುರಿದು, ದಪ್ಪ ಹಾಲು ಹಿಂಡಿ, ಅಗಲ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟೆ. ಮುಕ್ಕಾಲು ಗಂಟೆ ಬರೀ ಕೊತಕೊತ. ಆಮೇಲೆ ಹಾಲು ಒಡೆದು ಮೊಸರಿನ ಗಡ್ಡೆಯ ಹಾಗಾಯಿತು, ಅಂಚಿನಲ್ಲಿ ಎಣ್ಣೆ ಇಣುಕಿತು. ಸೌಟು ಬಿಡುವ ಹಾಗಿಲ್ಲ, ಬಿಟ್ಟರೆ ತಳ ಹಿಡಿಯುತ್ತದೆ. ಒಂದೂವರೆ ಗಂಟೆಗೆ ಸದ್ದು ನಿಂತಿತು. ಚರಟ ಬಿಳಿಯಿಂದ ಹೊಂಬಣ್ಣ, ಅಲ್ಲಿಂದ ನೋಡನೋಡುತ್ತಾ ಬೆಲ್ಲದ ಬಣ್ಣ. ಆಗ ಬಂತು ಪರಿಮಳ! ತುಪ್ಪದ್ದಲ್ಲ, ತೆಂಗಿನೆಣ್ಣೆಯದ್ದೂ ಅಲ್ಲ, ಹುರಿದ ಗೋಡಂಬಿಗೆ ಹತ್ತಿರ. ಸೋಸಿದಾಗ ಸಿಕ್ಕಿದ್ದು ಮುಕ್ಕಾಲು ಲೋಟ. ನಾಲ್ಕು ಕಾಯಿಗೆ ಮುಕ್ಕಾಲು ಲೋಟ ಅಂದರೆ ದಿನಾ ಮಾಡುವ ಕೆಲಸವಲ್ಲ, ಗೊತ್ತು.

ಗುಜ್ಜೆ ಮುಗಿದಿತ್ತು, ಅಣಬೆ ತಂದೆ. ಅಣಬೆಯ ನೀರೆಲ್ಲ ದೊಡ್ಡ ಉರಿಯಲ್ಲಿ ಆರಿಸಿ, ಈ ಎಣ್ಣೆಯಲ್ಲಿ ಮಸಾಲೆಯನ್ನು ಅದು ಎಣ್ಣೆ ಬಿಡುವವರೆಗೆ ಹುರಿದು, ಒಂದು ಚಮಚ ಚರಟವನ್ನೂ ಪುಡಿ ಮಾಡಿ ಹಾಕಿದೆ. ಅಮ್ಮ ನೀರು ದೋಸೆಯಲ್ಲಿ ತಟ್ಟೆ ಒರೆಸಿ, "ತುಪ್ಪ ಎಷ್ಟು ಹಾಕಿದ್ದಿ?" ಎಂದು ಕೇಳಿದರು. ಹೇಳಿದರೆ ನಂಬಲಿಲ್ಲ. ಬಾಣಲೆ ಮೂಸಿ ನೋಡಿದರು.

ಈಗ

ಚಕ್ಕುಲಿಗೆ ಬೆಣ್ಣೆ ಬದಲು ಬಿಸಿ ತೆಂಗಿನೆಣ್ಣೆ ಹಾಕಿ ನೋಡಿದ್ದಾಯಿತು, ಗರಿಗರಿ ಬಂತು, ಅದಕ್ಕೆ ತಲೆಬಿಸಿ ಇಲ್ಲ. ಗಡ್‌ಬಡ್ ಕೇಳಿದ್ದಾಳೆ. ಕಾಯಿಹಾಲಿನ ಐಸ್ ಕ್ರೀಮ್ ಎರಡು ಸಲವೂ ಮಂಜುಗಡ್ಡೆಯಾಯಿತು, ಅದನ್ನು ಅಷ್ಟಮಿಯೊಳಗೆ ಮುಗಿಸುವ ಆಸೆ ಬಿಟ್ಟಿದ್ದೇನೆ. ತಂಗಿಯ ಟಿಕೆಟ್ ಆಗಿದೆ. ನಿನ್ನೆ ಮಜ್ಜಿಗೆ ಹುಳಿಗೆ ಅಂತ ಫ್ರಿಜ್ ತೆಗೆದರೆ ನೆಲಗಡಲೆ ಮೊಸರಿನ ಪಾತ್ರೆಯ ಪಕ್ಕ ಸಣ್ಣ ಸ್ಟೀಲ್ ಕರಡಿಗೆಯೊಂದಿತ್ತು. ಒಳಗಿನಿಂದ ಅಮ್ಮ ಕೂಗಿ ಹೇಳಿದರು, "ಅದನ್ನು ಮುಟ್ಬೇಡ, ಹೆಪ್ಪಿಗೆ ತೆಗೆದಿಟ್ಟದ್ದು."