ಸುಣ್ಣದ ತಿಳಿನೀರು

ಮಂಗಳೂರಿನಲ್ಲಿ ರೈಲ್ವೆ ಸ್ಟೇಷನ್ ಎರಡಿವೆ. ಪೇಟೆಯ ಮಧ್ಯೆ ಇರುವುದು ಸೆಂಟ್ರಲ್, ಪಡೀಲಿನ ಕಡೆ ಇರುವುದು ಜಂಕ್ಷನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೂರು ವರ್ಷ ಅದೇ ಊರಿನಲ್ಲಿ ಓದಿದ ನಾನು, ವಾಪಸ್ ಬರುವ ದಿನ ಹೆಂಡತಿ, ಇಬ್ಬರು ಮಕ್ಕಳು, ನಾಲ್ಕು ಬ್ಯಾಗು, ಒಂದು ಕಟ್ಟು ಹಲಸಿನ ಹಪ್ಪಳದ ಸಮೇತ ಸೆಂಟ್ರಲ್‌ನಲ್ಲಿ ಆರಾಮಾಗಿ ಕಾಲು ಚಾಚಿ ಕೂತಿದ್ದೆ. ರೈಲು ಇದ್ದದ್ದು ಜಂಕ್ಷನ್ನಿನಿಂದ. ಟಿಕೆಟ್ಟಿನಲ್ಲಿ ಸರಿಯಾಗಿಯೇ ಬರೆದಿತ್ತು, ನಾನು ಓದಿರಲಿಲ್ಲ. "ನನ್ನ ಊರು ಇದು, ನನಗೆ ಗೊತ್ತಿಲ್ವಾ" ಅಂತ ಹೆಂಡತಿಯ ಬಾಯಿ ಬೇರೆ ಮುಚ್ಚಿಸಿದ್ದೆ. ಆಟೋದವರು ಕೇಳಿದಷ್ಟು ಕೊಟ್ಟು ಓಡಿದೆವು. ರೈಲು ಇಪ್ಪತ್ತು ನಿಮಿಷ ತಡ ಇತ್ತು, ಬಚಾವಾದೆವು. ಹಪ್ಪಳ ಮಾತ್ರ ಪುಡಿ ಪುಡಿ. ನೀವು ಹೋಗುವುದಾದರೆ ದಯವಿಟ್ಟು ಟಿಕೆಟ್ ಓದಿ.

ಹೋಗುವಾಗ ಹಗಲು ರೈಲಿನಲ್ಲೇ ಹೋಗಿದ್ದೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಐವತ್ತೈದು ಕಿಲೋಮೀಟರ್ ಘಾಟಿ, 57 ಸುರಂಗ. ಐದು ವರ್ಷದ ಮಗ ಎಲ್ಲವನ್ನೂ ಎಣಿಸುತ್ತೇನೆ ಅಂತ ಹಟ ಹಿಡಿದು, ಮೂವತ್ತೊಂದಕ್ಕೆ ಬಾಯಿ ತೆರೆದುಕೊಂಡು ನಿದ್ದೆ ಹೋದ. ನಾನು ಓದುವಾಗ ಈ ರೈಲೇ ಇರಲಿಲ್ಲ. ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಮಾಡುತ್ತಿದ್ದ ಕಾಲ ಅದು. ಜನರನ್ನು ಹೊತ್ತ ರೈಲು ಮತ್ತೆ ಓಡಿದ್ದು 2007ರ ಕೊನೆಯಲ್ಲಿ. ನಮಗೆ ಇದ್ದದ್ದು ರಾತ್ರಿ ಬಸ್ಸು, ಶಿರಾಡಿಯ ತಿರುವುಗಳು, ಕಂಡಕ್ಟರ್ ಕೊಡುತ್ತಿದ್ದ ಪ್ಲಾಸ್ಟಿಕ್ ಕವರು.

ನಾನು ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ್ದು. 2001ರಿಂದ 2004. ತಿಪಟೂರಿನ ಕಡೆಯ ಹುಡುಗ, ಬಿಜೈಯಲ್ಲಿ ಒಂದು ರೂಮು, ನಾಲ್ಕು ಜನ. ಮೊದಲ ತಿಂಗಳು ಊರಿನ ಭಾಷೆ ತಲೆಗೆ ಹತ್ತಲಿಲ್ಲ. ಆಮೇಲೆ "ಎಂಚ ಉಲ್ಲರ್" (ಹೇಗಿದ್ದೀರಿ) ಅನ್ನುವಷ್ಟು ತುಳು ಬಂತು, "ಗೊತ್ತುಜ್ಜಿ" (ಗೊತ್ತಿಲ್ಲ) ಅನ್ನುವಷ್ಟು ಧೈರ್ಯವೂ ಬಂತು. ಮಕ್ಕಳಿಗೆ ಅದನ್ನೆಲ್ಲ ತೋರಿಸಬೇಕು ಅನ್ನೋ ಆಸೆ. ಏನನ್ನು ತೋರಿಸೋದು ಅಂತ ಕೇಳಿದ್ದರೆ ಉತ್ತರ ಇರಲಿಲ್ಲ.

ಮಕ್ಕಳಿಗೆ ಇಷ್ಟವಾದದ್ದು ಸಿಟಿ ಬಸ್ಸು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಕೂಗುವುದು, ಸೀಟಿ ಊದಿ "ರೈಟ್, ಪೋಯಿ" ಅನ್ನುವುದು. ಇಷ್ಟೊಂದು ಜನ ಬ್ಯಾಂಕಿಗೆ ಯಾಕೆ ಹೋಗ್ತಾರೆ ಅಂತ ಮಗಳ ಪ್ರಶ್ನೆ. ಅದು ಬಸ್ ಸ್ಟ್ಯಾಂಡಿನ ಹೆಸರು ಅಂದರೆ ನಂಬಲಿಲ್ಲ. ಲೈಟ್‌ಹೌಸ್ ಹಿಲ್‌ನ ದೀಪಸ್ತಂಭ ನೋಡಿ "ಇಷ್ಟೇನಾ?" ಅಂದಳು. ಇದೇ ಬಾವುಟಗುಡ್ಡೆ, 1837ರಲ್ಲಿ ಕಲ್ಯಾಣಪ್ಪನ ಕಡೆಯವರು ಕಂಪನಿ ಸರ್ಕಾರದ ಬಾವುಟ ಇಳಿಸಿ ತಮ್ಮದು ಹಾರಿಸಿದ ಜಾಗ ಅಂತ ನಾನು ಶುರು ಮಾಡುವಷ್ಟರಲ್ಲಿ ಮಗನಿಗೆ ಸುಸ್ಸು ಬಂತು.

ಕಾಲೇಜಿಗೆ ಕ್ರಿಸ್‌ಮಸ್ ರಜೆ. ಈಗ ಅದು ಕಾಲೇಜಲ್ಲ, 2024ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಗೇಟಿನಲ್ಲಿ ನಾನು ಎದೆ ಮುಂದೆ ಮಾಡಿ "ಹಳೇ ವಿದ್ಯಾರ್ಥಿ" ಅಂದೆ. ಸೆಕ್ಯೂರಿಟಿಯವರು ಮಕ್ಕಳನ್ನು ನೋಡಿ, "ಚಾಪೆಲ್ ನೋಡ್ಲಿಕ್ಕೆ ಅಲ್ವಾ? ಹೋಗಿ" ಅಂದರು. ಟೂರಿಸ್ಟ್ ಆಗಿಬಿಟ್ಟೆ.

ಚಾಪೆಲ್ ಬಗ್ಗೆ ಸ್ವಲ್ಪ ಹೇಳಬೇಕು. ಕಾಲೇಜನ್ನು ಜೆಸುಯಿಟ್ ಪಾದ್ರಿಗಳು 1880ರಲ್ಲಿ ಶುರು ಮಾಡಿದ್ದು. ಚಾಪೆಲ್‌ನ ಗೋಡೆ, ಸೂರು ಎಲ್ಲಾ ಕಡೆ ಚಿತ್ರ. ಬರೆದವರು ಇಟಲಿಯಿಂದ ಬಂದ ಬ್ರದರ್ ಆಂಟೋನಿಯೋ ಮೊಸ್ಕೇನಿ, 1899ರಿಂದ 1901ರ ತನಕ. ವ್ಯಾಟಿಕನ್ನಿನ ಹೆಸರಾಂತ ಚಾಪೆಲ್‌ಗೆ ಹೋಲಿಸಿ ಇದನ್ನು ಭಾರತದ ಸಿಸ್ಟೀನ್ ಚಾಪೆಲ್ ಅಂತ ಕರೆಯುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನಮ್ಮದನ್ನು ನಮ್ಮದು ಅಂತ ನೋಡಿದರೆ ಸಾಲದೇ?

ಹಾಗಂತ ನಾನೇನೂ ನೋಡಿದವನಲ್ಲ. ಮೂರು ವರ್ಷದಲ್ಲಿ ಅಲ್ಲಿಗೆ ನೂರು ಸಲ ಹೋಗಿರಬಹುದು. ಕಾರಣ ಒಂದೇ, ತಂಪು. ಮಾರ್ಚ್ ತಿಂಗಳ ಮಂಗಳೂರು ಸೆಖೆಯಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಾಗ ಹಿಂದಿನ ಬೆಂಚಿನಲ್ಲಿ ಕೂತು, ಕೆಮಿಸ್ಟ್ರಿ ನೋಟ್ಸ್ ತೊಡೆಯ ಮೇಲಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೆ. ತಲೆ ತಗ್ಗಿಸಿಯೇ ಇರುತ್ತಿತ್ತು.

ಒಂಬತ್ತು ವರ್ಷದ ಮಗಳು ಒಳಗೆ ಕಾಲಿಟ್ಟವಳೇ ತಲೆ ಎತ್ತಿದಳು. ಹಾಗೇ ನಡೆದು ಬೆಂಚಿಗೆ ಮೊಣಕಾಲು ಹೊಡೆದುಕೊಂಡಳು. ಸೂರಿನ ತುಂಬ ಸಂತ ಅಲೋಶಿಯಸ್‌ನ ಕಥೆ. ರಾಜಮನೆತನದ ಹುಡುಗ, ಎಲ್ಲ ಬಿಟ್ಟು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು. "ಅಪ್ಪ, ಅಷ್ಟು ಮೇಲೆ ಹೇಗೆ ಬರೆದರು? ಮಲಗಿಕೊಂಡಾ?" ಅಂತ ಪಿಸುಗುಟ್ಟಿದಳು. ಗೊತ್ತುಜ್ಜಿ. "ಬಣ್ಣ ಯಾಕೆ ಉದುರಲ್ಲ? ನಮ್ಮನೆ ಗೋಡೆಯದು ಎರಡು ವರ್ಷಕ್ಕೇ ಉದುರ್ತು." ಅದೂ ಗೊತ್ತುಜ್ಜಿ. ಹೆಂಡತಿ ನನ್ನನ್ನು ನೋಡಿದ ರೀತಿ ಬೇರೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದೊಂದು ಪುಣ್ಯ. ಎಲ್ಲರೂ ಕಣ್ಣಲ್ಲೇ ನೋಡುತ್ತಿದ್ದರು.

ಹೊರಗೆ ನೆರಳಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಒಬ್ಬರು ಕೂತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ, ಕೈಯಲ್ಲಿ ಕುಸ್ವಾರಿನ ಪೊಟ್ಟಣ. ಯಾರದೋ ಮನೆಯಿಂದ ಬಂದ ಕ್ರಿಸ್‌ಮಸ್ ತಿಂಡಿ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು ತೋರಿಸಲು ಮಗುವನ್ನು ಕರೆತಂದಿದ್ದರಂತೆ. ನನಗೆ ತಕ್ಷಣ ಗುರುತು ಸಿಕ್ಕಿತು. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್! ಆಗ ನಾವೆಲ್ಲ ಅಣ್ಣ ಅಂತಿದ್ದೆವು.

"ಅಣ್ಣ, ಎಂಚ ಉಲ್ಲರ್? ನನ್ನ ನೆನಪಿದೆಯಾ?"

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. "ಇಲ್ಲ ಮಾರಾಯ್ರೆ. ನೆನಪುಂಟು ಅಂತ ಹೇಳಬಹುದು, ನಿಮಗೆ ಖುಷಿ ಆಗ್ತದೆ. ಆದ್ರೆ ಮಕ್ಕಳ ಎದುರು ಸುಳ್ಳು ಯಾಕೆ?"

ಮಗ ಜೋರಾಗಿ, "ಅಪ್ಪ, ಇವರಿಗೆ ನೀನು ಗೊತ್ತೇ ಇಲ್ವಂತೆ" ಅಂದ.

ಬ್ಯಾಚ್ ಕೇಳಿದರು, ಕಾಂಬಿನೇಶನ್ ಕೇಳಿದರು. ಪಿಸಿಎಂ ಅಂದೆ. ಯಾವ ಟೇಬಲ್ ಅಂತಲೂ ಕೇಳಿದರು. ಕಿಟಕಿ ಪಕ್ಕದ್ದು ಅಂದಾಗ, "ಆ ಟೇಬಲಿನ ಸಿಂಕ್ ಯಾವಾಗ್ಲೂ ಕಟ್ಟಿಕೊಳ್ತಿತ್ತು" ಅಂದರು. ನಿಜ! ಸಿಂಕು ನೆನಪಿದೆ, ನಾನಿಲ್ಲ.

ಮಗಳು ಬಿಡಲಿಲ್ಲ. ಒಳಗೆ ಕೇಳಿದ್ದನ್ನೇ ಇವರಿಗೂ ಕೇಳಿದಳು, ಬಣ್ಣ ಯಾಕೆ ಉದುರಲ್ಲ ಅಂತ.

"ಬಾ ಮಗಾ, ಕೂತ್ಕೋ. ನಿನಗೆ ಸುಣ್ಣ ಗೊತ್ತುಂಟಾ? ಎಲೆ ಅಡಿಕೆಗೆ ಹಾಕ್ತಾರಲ್ಲ, ಅದು. ಒಳಗೆ ಇರುವ ಚಿತ್ರ ಎರಡು ಥರ. ಒಂದು, ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಅದು ಬಿಡು. ಇನ್ನೊಂದು ಗೋಡೆ ಮೇಲೇ ಬರೆದದ್ದು. ಗೋಡೆಗೆ ಸುಣ್ಣದ ಗಾರೆ ಮೆತ್ತುದು, ಅದು ಹಸಿ ಇರುವಾಗಲೇ ಬಣ್ಣ ಹಚ್ಚುದು. ಒಂದು ದಿನಕ್ಕೆ ಎಷ್ಟು ಬರೀಲಿಕ್ಕೆ ಆಗ್ತದೋ ಅಷ್ಟೇ ಗಾರೆ. ತಪ್ಪಾಯ್ತಾ, ರಬ್ಬರ್ ಇಲ್ಲ. ಕೆತ್ತಿ ತೆಗೆದು ಪುನಃ ಮೆತ್ತಬೇಕು."

"ಆಮೇಲೆ?"

"ಆಮೇಲೆ ನಮ್ಮ ಕೆಲಸ ಇಲ್ಲ. ಗಾಳಿಯದ್ದು. ನೀನು ಉಸಿರು ಬಿಡ್ತಿ ಅಲ್ವಾ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಉಂಟು. ಸುಣ್ಣ ಅದನ್ನು ಕುಡಿದು ಕಲ್ಲಾಗ್ತದೆ. ಬಣ್ಣ ಆ ಕಲ್ಲಿನ ಒಳಗೇ ಸಿಕ್ಕಿ ಬೀಳ್ತದೆ. ಮೇಲೆ ಹಚ್ಚಿದ್ದಾದ್ರೆ ಉದುರ್ತದೆ. ಒಳಗೇ ಇರುವುದು ಹೇಗೆ ಉದುರ್ತದೆ?" ಆಮೇಲೆ ನನ್ನ ಕಡೆ ತಿರುಗಿ, "ನಿನ್ನಪ್ಪನಿಗೆ ಗೊತ್ತುಂಟು. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನ ಹಾಗೆ ಆಗ್ತದಲ್ಲ, ಅದೇ ಇದು. ಆ ನೀರು ಮಾಡಿಡ್ತಾ ಇದ್ದದ್ದು ನಾನೇ."

ನಾನು ಸುಮ್ಮನೆ ನಿಂತಿದ್ದೆ. ಅದೇ ಸಮೀಕರಣವನ್ನು ಅದೇ ಗೋಡೆಗಳ ನಡುವೆ ಕೂತು ಬಾಯಿಪಾಠ ಮಾಡಿದ್ದೆ ನಾನು. ಪರೀಕ್ಷೆಯಲ್ಲಿ ಬ್ಯಾಲೆನ್ಸ್ ಮಾಡಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಗೋಡೆಯ ಮೇಲೆ ಅದು ನೂರು ವರ್ಷದಿಂದ ನಡೆದುಕೊಂಡೇ ಇತ್ತು. ತಲೆ ಎತ್ತಿರಲಿಲ್ಲ, ಅಷ್ಟೇ.

ನಿಮಗೆ ಇದು ಹೇಗೆ ಗೊತ್ತು ಅಂತ ಕೇಳಿದೆ. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಬಂದು ಚಿತ್ರಗಳ ಜೀರ್ಣೋದ್ಧಾರ ಮಾಡಿದ ಕಾಲದಲ್ಲಿ ಊಟದ ಬಿಡುವಿನಲ್ಲಿ ಹೋಗಿ ನಿಲ್ಲುತ್ತಿದ್ದರಂತೆ. "ಮಳೆ ನೀರು ಇಳಿದು ಹಾಳಾಗಿತ್ತು. ಹತ್ತಿ ಹಿಡ್ಕೊಂಡು ಇಷ್ಟಿಷ್ಟೇ ಒರೆಸುದು. ಎಷ್ಟು ತಾಳ್ಮೆ! ನಿಮ್ಮ ಹಾಗಲ್ಲ. ನೀವು ಪಿಪೆಟ್ ತೊಳೀಲಿಕ್ಕೂ ಅರ್ಜೆಂಟ್."

ಅದೇನಾಯಿತೋ, ನನ್ನ ಬಾಯಿಂದ ಬಂದೇಬಿಟ್ಟಿತು. ಎರಡನೇ ವರ್ಷ ಒಂದು ಬ್ಯುರೆಟ್ಟಿನ, ಅಂದರೆ ದ್ರಾವಣ ಅಳೆದು ಬಿಡುವ ಗಾಜಿನ ನಳಿಗೆಯ, ತುದಿ ಮುರಿದಿದ್ದೆ. ಬ್ರೇಕೇಜ್ ಪುಸ್ತಕದಲ್ಲಿ ಹೆಸರು ಬರೆದು ದುಡ್ಡು ಕಟ್ಟಬೇಕು. ತಿಂಗಳ ಕೊನೆ, ಜೇಬಿನಲ್ಲಿ ಬಸ್ಸಿಗೇ ಇರಲಿಲ್ಲ. ಮುರಿದ ಬ್ಯುರೆಟ್ಟನ್ನು ಹಾಗೇ ಸ್ಟ್ಯಾಂಡಿಗೆ ಸಿಕ್ಕಿಸಿ, ತುದಿಯನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದೆ. ಮುಂದಿನ ಬ್ಯಾಚಿನ ಯಾರ ತಲೆಗೆ ಬಂತೋ ಗೊತ್ತಿಲ್ಲ.

ಅವರು ನಕ್ಕರು. ಮೊದಲ ಸಲ ಹಲ್ಲು ಕಾಣುವ ಹಾಗೆ. "ಹಾಗೆ ಮಾಡಿದವರು ನೀವು ಒಬ್ರೇ ಅಂತ ಗ್ರಹಿಸ್ಬೇಡಿ. ಅದಕ್ಕೇ ನಾನು ಬ್ಯಾಚ್ ಹೋದ ಮೇಲೆ ಒಂದೊಂದೇ ಸ್ಟ್ಯಾಂಡ್ ನೋಡ್ತಿದ್ದದ್ದು. ಯಾರ ತಲೆಗೂ ಬರ್ಲಿಲ್ಲ ಬಿಡಿ. ಹಳೆ ಸಾಮಾನಿನ ಲೆಕ್ಕಕ್ಕೆ ಹೋಗಿರ್ತದೆ." ಸ್ವಲ್ಪ ತಡೆದು, "ಆದ್ರೆ ನನಗೆ ಹೇಳಬಹುದಿತ್ತು" ಅಂದರು.

ಮೊಮ್ಮಗಳು ಪೊಟ್ಟಣ ಬಿಚ್ಚಿ ನನ್ನ ಮಕ್ಕಳಿಗೆ ಒಂದೊಂದು ರೋಸ್ ಕುಕ್ಕಿ ಕೊಟ್ಟಳು. ಮಗ ಅದನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಮುರಿದ. ಅವರು ಎದ್ದರು. ನಂಬರ್ ಕೇಳಿದೆ. "ನಂಬರ್ ಎಂತಕ್ಕೆ? ಸಂಜೆ ಹೆಚ್ಚಾಗಿ ಇಲ್ಲೇ ಇರ್ತೇನೆ" ಅಂದು ಇಳಿಜಾರಿನಲ್ಲಿ ಮಗುವಿನ ಕೈ ಹಿಡಿದು ಹೋದರು.

ಮರುದಿನ ಪಣಂಬೂರು ಬೀಚು, ಅದರ ಮರುದಿನ ಪಿಲಿಕುಳ ನಿಸರ್ಗಧಾಮ. ಎರಡೂ ಚೆನ್ನಾಗಿವೆ, ಎರಡರಲ್ಲೂ ಜನ ಜಾಸ್ತಿ. ಬನ್ಸ್ ಬಗ್ಗೆ ಮಾತ್ರ ಒಂದು ಮಾತು. ಬೆಂಗಳೂರಿನಲ್ಲಿ ಮಂಗಳೂರು ಬನ್ಸ್ ಅಂತ ಕೊಡುತ್ತಾರಲ್ಲ, ಅದು ಸಕ್ಕರೆ ಹಾಕಿದ ಪೂರಿ. ಇಲ್ಲಿನದು ಬಾಳೆಹಣ್ಣಿನ ವಾಸನೆ ಹೊಡೆಯುತ್ತದೆ, ಮುರಿದರೆ ಒಳಗೆ ಗೂಡು ಗೂಡು. ಗಡ್‌ಬಡ್ ಐಸ್‌ಕ್ರೀಮ್ ನನಗೆ ಆಗಲೂ ಅತಿ ಅನಿಸುತ್ತಿತ್ತು, ಈಗಲೂ. ಮಕ್ಕಳು ಒಪ್ಪಲಿಲ್ಲ.

ಪಿಲಿಕುಳಕ್ಕಿಂತ ಮಗಳಿಗೆ ಮುಖ್ಯವಾದದ್ದು ಬೀಡಾ ಅಂಗಡಿ. ಐದು ರೂಪಾಯಿಯ ಸುಣ್ಣ ತಂದು, ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ, ಲಾಡ್ಜಿನ ಕಿಟಕಿಯಲ್ಲಿ ರಾತ್ರಿಯಿಡೀ ಇಟ್ಟಳು. ಬೆಳಿಗ್ಗೆ ಸುಣ್ಣವೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು. ಅದನ್ನು ಮೆಲ್ಲಗೆ ಲಾಡ್ಜಿನ ಗಾಜಿನ ಲೋಟಕ್ಕೆ ಬಗ್ಗಿಸಿದೆ. ಎಳನೀರಿನ ಸ್ಟ್ರಾ ಒಂದು ಉಳಿದಿತ್ತು. ಊದಬೇಕು, ಎಳೆದುಕೊಳ್ಳಬಾರದು, ಬಾಯಿ ಸುಡುತ್ತದೆ ಅಂತ ನಾಲ್ಕು ಸಲ ಹೇಳಿದೆ. ಊದಿದಳು. ಮೊದಲು ಬರೀ ಗುಳ್ಳೆ. ಆಮೇಲೆ ಮಂಜು ಬಂದ ಹಾಗೆ, ಆಮೇಲೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಯಿತು. ತಮ್ಮ ಚಪ್ಪಾಳೆ ತಟ್ಟಿದ. ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ, ಅದು ನನಗೆ ನೆನಪಿತ್ತು. ಈ ಸಲ ಗೊತ್ತುಜ್ಜಿ ಅನ್ನಬೇಕಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು ವಿವರಿಸಲು ಶುರು ಮಾಡಿ, ಲೋಟವನ್ನು ಬೆಳಕಿಗೆ ಹಿಡಿಯಲು ಎತ್ತಿಕೊಂಡೆ.

ಮಗಳು ಸ್ಟ್ರಾ ಬಾಯಿಂದ ತೆಗೆದಳು. "ಅಪ್ಪ, ಹುಷಾರು. ಒಡೆದರೆ ಕೆಳಗೆ ಹೋಗಿ ಹೇಳ್ಬೇಕು, ಆಯ್ತಾ?"