ಹೆಬ್ಬೆರಳು ದಪ್ಪದ ಕೇಬಲ್

ತಿಕೋಟಾ ಹತ್ತಿರ ನಮ್ಮ ಕಾಕಾನ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇದೆ. ಹೋದ ಬೇಸಿಗೆಯಲ್ಲಿ ಅಲ್ಲಿ ಸೋಲಾರ್ ಜೊತೆ ಬ್ಯಾಟರಿ ಕೂರಿಸುತ್ತಿದ್ದೆ. ಇನ್ವರ್ಟರ್ ಗೋಡೆ ಏರಿತ್ತು. ಎಂಟು ಬ್ಯಾಟರಿ ಡಬ್ಬಿ ರ‍್ಯಾಕ್‌ನಲ್ಲಿ ಕೂತಿದ್ದವು. ನಡುವಿನ ಕೇಬಲ್ ಮಾತ್ರ ಬಂದಿರಲಿಲ್ಲ.

ಕಾಕಾ ಮೂಲೆಯಿಂದ ಕರಿ ಸುರುಳಿಯೊಂದನ್ನು ಎಳೆದು ತಂದರು. "ತಮ್ಮಾ, ಇದನ್ನ ಹಾಕು. ಹೆಬ್ಬೆರಳಷ್ಟು ದಪ್ಪ ಐತಿ."

ವೆಲ್ಡಿಂಗ್ ಕೇಬಲ್. ಹಗ್ಗದ ಹಾಗೆ ಬಾಗುತ್ತೆ, ಒಳಗೆ ಕೂದಲಿನಂಥ ತಾಮ್ರದ ಎಳೆಗಳು. ಹೊರಗೆ ಆ ಬಿಸಿಲು. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ! ಧೂಳು ಒರೆಸಿ ಅಕ್ಷರ ಓದಿದೆ. 100 ವೋಲ್ಟ್ ಅಂತಿತ್ತು.

ನಮ್ಮ ಒಂದೊಂದು ಡಬ್ಬಿಯಲ್ಲಿ 16 ಸೆಲ್, 51.2 ವೋಲ್ಟ್. ಎಂಟನ್ನೂ ಸೀರಿಸ್ ಮಾಡಿದರೆ, ಅಂದ್ರೆ ಒಂದರ ಹಿಂದೊಂದು ಜೋಡಿಸಿದರೆ, 410ರ ಹತ್ತಿರ. ಫುಲ್ ಚಾರ್ಜ್ ಆದಾಗ ಸೆಲ್ಲಿಗೆ 3.65 ಹಿಡಿದರೆ 467. ಕೇಬಲ್ ತಡೆಯಬೇಕಾದದ್ದು ಇದನ್ನು.

"ಕಾಕಾ, ಬೋರಿಗೆ ಪೈಪ್ ತರುವಾಗ ಬರೇ ಇಂಚು ಕೇಳ್ತೀರೇನು?"

"ಎಷ್ಟು ಕೆಜಿ ಒತ್ತಡ ತಡಿಯೋ ಪೈಪ್ ಅಂತನೂ ಕೇಳ್ತೀನಿ. ನಾಕು ಕೆಜಿದು ಹಾಕಿದ್ರ ಒಡದ್ ಹೋಗ್ತೈತಿ."

"ತಾಮ್ರದ ದಪ್ಪ ಇಂಚಿದ್ದಂಗ, ಕರೆಂಟ್ ಹರಿಯಾಕ. ಮ್ಯಾಲಿನ ಸಿಪ್ಪಿ ಕೆಜಿ ಇದ್ದಂಗ, ವೋಲ್ಟ್ ತಡಿಯಾಕ."

ಕಾಕಾ ಸುರುಳಿಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದರು. ನಾನು ಬೈಕ್ ಹತ್ತಿ ವಿಜಯಪುರಕ್ಕೆ ಬಂದೆ.

ಮೊದಲ ಅಂಗಡಿಯವರು ಕೆಂಪು ಕೇಬಲ್ ತೋರಿಸಿ "ಸೋಲಾರ್‌ದೇ ರಿ" ಅಂದರು. ಒದ್ದೆ ಕರ್ಚೀಫಿನಿಂದ ಎರಡು ಸಲ ಉಜ್ಜಿದೆ. ಅಕ್ಷರವೆಲ್ಲ ಕರ್ಚೀಫಿಗೆ ಬಂತು. ಸುಮ್ನೆ ಎದ್ದು ಬಂದೆ. ಎರಡನೇ ಅಂಗಡಿಯಲ್ಲಿ ಸಿಕ್ಕಿತು: 6 ಸ್ಕ್ವೇರ್ ಎಂಎಂ, 1500 ವೋಲ್ಟ್ ಡಿಸಿ, ಎರಡು ಪದರದ ಸಿಪ್ಪೆ, ತವರ ಹಚ್ಚಿದ ತಾಮ್ರ. ತುದಿ ಸುಲಿದರೆ ಎಳೆ ಬೆಳ್ಳಗೆ ಕಾಣುತ್ತೆ.

"ಇಷ್ಟು ಸಣ್ಣದಾ?" ಕಾಕಾನ ಮುಖ ಇಳಿಯಿತು. ವೋಲ್ಟ್ ಹೆಚ್ಚಿದ್ದಷ್ಟು ಕರೆಂಟ್ ಕಡಿಮೆ ಸಾಕು. 10 ಕಿಲೋವ್ಯಾಟ್ ಲೋಡಿಗೆ ಇಲ್ಲಿ ಹರಿಯೋದು 25 ಆಂಪಿಯರ್ ಅಷ್ಟೇ. ಅದೇ 48 ವೋಲ್ಟ್ ಸಿಸ್ಟಮ್ ಆಗಿದ್ದರೆ 200 ದಾಟುತ್ತಿತ್ತು, ಆಗ ಹೆಬ್ಬೆರಳು ದಪ್ಪದ್ದೇ ಬೇಕಾಗುತ್ತಿತ್ತು.

ಕೇಬಲನ್ನು ಪೈಪಿನೊಳಗೆ ಎಳೆದೆ. ಒಣದ್ರಾಕ್ಷಿ ಇದ್ದಲ್ಲಿ ಇಲಿ ಇರದೆ ಇರುತ್ತಾವಾ? ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ, ಅಲ್ಲಿ ಕಿಡಿ ಆರೋಕೆ ಒಂದು ಅವಕಾಶ ಇರುತ್ತೆ. ಬ್ಯಾಟರಿಯ ಡಿಸಿ ಹಾಗಲ್ಲ, ಸೊನ್ನೆಗೆ ಬರೋದೇ ಇಲ್ಲ. ಸಿಪ್ಪೆ ಕಡಿದು ಕಿಡಿ ಹತ್ತಿದರೆ ಉರೀತಾನೇ ಇರುತ್ತೆ.

ಸಂಜೆ ಏಳಕ್ಕೆ ಸ್ವಿಚ್ ಹಾಕಿದೆವು. ವೆಲ್ಡಿಂಗ್ ಕೇಬಲ್ಲಿಗೆ ಕಾಕಾ ಮಾರನೇ ದಿನವೇ ಎರಡು ಕ್ಲಿಪ್ ಹಾಕಿಸಿಕೊಂಡರು. ಟ್ರ್ಯಾಕ್ಟರ್ ಬ್ಯಾಟರಿ ಇಳಿದಾಗ ಜಂಪ್ ಹಚ್ಚೋಕೆ. 12 ವೋಲ್ಟ್‌ಗೆ ಅದು ರಾಜ.